‘ಹೆಚ್ಚುವರಿ’ ಕಲಿಕೆಯ ಖರ್ಚು ಯಾರ ಲೆಕ್ಕಕ್ಕೆ?

ಅಪ್ರೆಂಟಿಸ್ ಎಂಬ ಪದಕ್ಕೆ ಸರಕಾರಿ ಕನ್ನಡವು ‘ಶಿಶಿಕ್ಷು’ ಎಂಬ ಮಾತನ್ನು ಹೊಂದಿಸಿದೆ. ಅದನ್ನು ಉಚ್ಚರಿಸುವುದೇ ಒಂದು ತರಬೇತಿ. ಆದರೆ ಅದಕ್ಕಿಂತ ದೊಡ್ಡ ತೊಡಕು, ಆ ಹೆಸರಿನಿಂದ ಕರೆಸಿಕೊಳ್ಳುವ ಹುಡುಗನ ಕಲಿಕೆಯ ಲೆಕ್ಕಪತ್ರದಲ್ಲಿದೆ. ಅವನು ಕಲಿಯಬೇಕಾದುದರಲ್ಲಿ ಯಾವುದು ‘ತರಬೇತಿ’, ಯಾವುದು ‘ಹೆಚ್ಚುವರಿ’ ಎಂಬುದನ್ನು ಕಸುಬು ನಿರ್ಧರಿಸುವುದಿಲ್ಲ. ಅನುದಾನದ ನಿಯಮ ನಿರ್ಧರಿಸುತ್ತದೆ.

1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಮೂಲ ತರಬೇತಿ, ಪ್ರಾಯೋಗಿಕ ತರಬೇತಿಗಳ ಜೊತೆಗೆ ಕಸುಬಿಗೆ ಸಂಬಂಧಿಸಿದ ತರಗತಿ ಪಾಠವೂ ಇದೆ. ಈ ಪಾಠದ ವೆಚ್ಚವನ್ನು ಮೊದಲು ಸರಕಾರವೇ ಹೊರಬೇಕಿತ್ತು. ಮಾಲೀಕರು ಅನುಕೂಲ ಒದಗಿಸಿದರೆ ಸಾಕಿತ್ತು. 2014ರ ತಿದ್ದುಪಡಿಯು ಆ ಹೊರೆಯನ್ನು ಮಾಲೀಕರ ಹೆಗಲಿಗೆ ದಾಟಿಸಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯು ನಿಗದಿತ ಭತ್ಯೆಯ ಶೇ. 25ನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯಂತೆ, ಹಂಚಿಕೊಳ್ಳಲು ಒಪ್ಪಿತು. ಹೊಸಬರ ಮೂಲ ತರಬೇತಿಗೆ 500 ಗಂಟೆಗಳ ಮಿತಿಯಲ್ಲಿ 7,500 ರೂಪಾಯಿ ಎಂದಿತು. ಐ.ಟಿ.ಐ. ಮುಗಿಸಿ ಬಂದವನಿಗೆ ಮೂಲ ತರಬೇತಿಯೇ ಬೇಡವಾದ್ದರಿಂದ ಆ ಹಣವೂ ಇಲ್ಲ. ಭಾಷೆಯ ಪಾಠಕ್ಕೆಂದು ಪ್ರತ್ಯೇಕ ಬಾಬತ್ತು ಅಲ್ಲಿರಲಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಯಾದಗಿರಿಯಲ್ಲಿ ಐ.ಟಿ.ಐ. ಮುಗಿಸಿದ ಹುಡುಗನೊಬ್ಬ ಪುಣೆಯ ಚಾಕಣಿನ ಕಾರ್ಖಾನೆಗೆ ಬಂದನೆಂದು ಭಾವಿಸೋಣ. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿ, ಮೇಸ್ತ್ರಿಯ ಕೂಗು ಮರಾಠಿಯಲ್ಲಿ, ಗೋಡೆಯ ಮೇಲಿನ ಎಚ್ಚರಿಕೆ ಹಿಂದಿಯಲ್ಲಿ. ಲೇತನ್ನು ಅವನು ಬಲ್ಲ. ‘ನಿಲ್ಲಿಸು’ ಎಂದವರ ಮಾತು ಅವನಿಗೆ ಅರೆಗಳಿಗೆ ತಡವಾಗಿ ಹೊಳೆಯುತ್ತದೆ. ಆ ಅರೆಗಳಿಗೆಯಲ್ಲಿ ಬೆರಳು ಹೋಗಬಹುದು. ಇಂಥವನಿಗೆ ಭಾಷೆಯ ಪಾಠ ಹೆಚ್ಚುವರಿಯಾಗುವುದು ಹೇಗೆ? ಆದರೆ ಮಾಲೀಕರ ಲೆಕ್ಕವೂ ಅರ್ಥವಾಗದ್ದೇನಲ್ಲ. ತರಬೇತಿ ಮುಗಿದವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ವಿಚಾರವನ್ನು ಕಾಯಿದೆಯು ಮಾಲೀಕರ ನೀತಿಗೇ ಬಿಟ್ಟಿದೆ. ಉಳಿಯುವನೋ ಇಲ್ಲವೋ ತಿಳಿಯದ ಹುಡುಗನ ಭಾಷೆಗೆ ಅವರು ಕೈಯಿಂದ ಖರ್ಚು ಮಾಡಲಾರರು.

ಮುಂಬಯಿಯಲ್ಲಿ ಈ ಕೊರತೆಯನ್ನು ಒಂದು ಕಾಲಕ್ಕೆ ನಮ್ಮ ರಾತ್ರಿಶಾಲೆಗಳು ತುಂಬಿದವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಲೇ ಕಲಿತು ಮೇಲೆ ಬಂದವರು ನಮ್ಮ ನಡುವೆ ಎಷ್ಟು ಮಂದಿ! ಆ ಶಾಲೆಗಳ ಹಿಂದೆ ದಾನಿಗಳಿದ್ದರು, ಸಮಾಜವಿತ್ತು. ಆ ನೆನಪು ಹೆಮ್ಮೆಯದೇ. ಆದರೆ ದಾನದಿಂದ ನಡೆದದ್ದು ಎಂದೆಂದಿಗೂ ದಾನದಿಂದಲೇ ನಡೆಯಲಿ ಎಂಬುದು ಸರಕಾರಕ್ಕೆ ಅನುಕೂಲವಾದ ವಾದ.

ಜರ್ಮನಿಯಲ್ಲಿ ಬೇರೆ ದಾರಿಯಿದೆ. ಕಾರ್ಖಾನೆಯ ತರಬೇತಿಯಲ್ಲಿರುವವನು ಭಾಷೆಯಲ್ಲಿಯೋ ಸಿದ್ಧಾಂತ ಪಾಠದಲ್ಲಿಯೋ ಹಿಂದುಳಿದರೆ, ಅಲ್ಲಿನ ಒಕ್ಕೂಟ ಉದ್ಯೋಗ ಸಂಸ್ಥೆಯು ಪೂರಕ ಪಾಠದ ವೆಚ್ಚವನ್ನು ಭರಿಸುತ್ತದೆ. ಹುಡುಗನೂ ಕೊಡಬೇಕಿಲ್ಲ, ಕಾರ್ಖಾನೆಯೂ ಕೊಡಬೇಕಿಲ್ಲ. ಅಲ್ಲಿ ಅದು ಔದಾರ್ಯವಲ್ಲ. ನಡುವೆ ಬಿಟ್ಟುಹೋಗುವ ಹುಡುಗನಿಂದ ಆಗುವ ನಷ್ಟವನ್ನು ತಡೆಯುವ ಉಪಾಯ.

ಹಣ ಹರಿದಲ್ಲಿ ಸುಳ್ಳು ಹಾಜರಿಯೂ ಹರಿಯುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಗದದ ಮೇಲೆ ಮಾತ್ರ ನಡೆಯುವ ತರಗತಿಗಳನ್ನು ನಾವೆಲ್ಲ ಬಲ್ಲೆವು. ಗಂಟೆಗಳಿಗೆ ಮಿತಿ ಇರಲಿ, ಪರೀಕ್ಷೆ ಹೊರಗಿನವರಿಂದ ನಡೆಯಲಿ, ಹಣ ಕಲಿಸಿದವರಿಗೇ ನೇರವಾಗಿ ಸಲ್ಲಲಿ. ಇದಕ್ಕಿಂತ ಕಟುವಾದ ಇನ್ನೊಂದು ಆಕ್ಷೇಪ ನಮ್ಮವರಿಂದಲೇ ಬರಬಹುದು: ಕನ್ನಡ ಸಂಘದ ಪತ್ರಿಕೆಯಲ್ಲಿ ಮರಾಠಿ ಪಾಠಕ್ಕೆ ಹಣ ಕೇಳುವುದೇ? ಹೌದು, ಕೇಳಬೇಕು. ಆ ಪಾಠ ಕನ್ನಡದ ಮೂಲಕ ನಡೆಯಲಿ ಎಂದೂ ಕೇಳಬೇಕು. ಯಾದಗಿರಿಯ ಹುಡುಗನಿಗೆ ಮರಾಠಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು, ಎರಡನ್ನೂ ಬದುಕಿದ ನಮ್ಮಂಥವರಲ್ಲದೆ ಮತ್ತಾರು?

ನಮ್ಮ ಅನೇಕ ಸಂಘಗಳ ಸಭಾಭವನಗಳು ವಾರದ ನಾಲ್ಕೈದು ಸಂಜೆ ಬೀಗ ಹಾಕಿಕೊಂಡಿರುತ್ತವೆ. ಬಾಡಿಗೆ ಬೇಡ ಎಂದು ನಾವೇ ಮುಂದಾಗಿ ಬರೆದುಕೊಡೋಣ. ಕಲಿಸುವವರ ಸಂಬಳ, ಹುಡುಗರ ಬಸ್ಸಿನ ಖರ್ಚು ಇವೆರಡನ್ನು ತರಬೇತಿಯ ಲೆಕ್ಕದಲ್ಲಿ ಸೇರಿಸಿ ಎಂದು ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಹೊರನಾಡ ಸಂಘಗಳು ಒಟ್ಟಾಗಿ ಮನವಿ ಸಲ್ಲಿಸಲಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಸಾಕು.