ಉಣ್ಣೆಗೂ ಒಂದು ಊರಿದೆ

ನಮ್ಮ 'ಕಂಬಳಿ' ಸಂಸ್ಕೃತದ 'ಕಂಬಲ' ಶಬ್ದಕ್ಕೆ ಸಂಬಂಧಿಸಿದ್ದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಈ ಶಬ್ದದಿಂದ 'ಕಂಬಲ್ಯ' ಎಂಬ ಸಂಜ್ಞಾಪದವನ್ನು ಸಾಧಿಸಲೆಂದೇ ಒಂದು ಸೂತ್ರವಿದೆ. ಕಾಶಿಕಾವೃತ್ತಿಯು ಅದಕ್ಕೆ ನೂರು ಪಲ ತೂಕದ ಉಣ್ಣೆ ಎಂದು ಅರ್ಥ ಹೇಳುತ್ತದೆ. ಅಂದರೆ ಒಂದು ಕಂಬಳಿಗೆ ಬೇಕಾದ ಉಣ್ಣೆಯ ಪ್ರಮಾಣಕ್ಕೇ ಪ್ರತ್ಯೇಕ ಹೆಸರಿತ್ತು. ಕೌಟಿಲ್ಯನ ಅರ್ಥಶಾಸ್ತ್ರವು ಬೊಕ್ಕಸಕ್ಕೆ ಸೇರಬೇಕಾದ ಬೆಲೆಯುಳ್ಳ ವಸ್ತುಗಳನ್ನು ವಿವರಿಸುವಾಗ ಉಣ್ಣೆಯ ಹೊದಿಕೆಗಳನ್ನೂ ಬಣ್ಣ ಮತ್ತು ನೇಯ್ಗೆಗಳ ಮೂಲಕ ವಿಂಗಡಿಸುತ್ತದೆ. ಎಂಟು ತುಂಡುಗಳನ್ನು ಜೋಡಿಸಿದ, ಮಳೆಯನ್ನು ತಡೆಯುವ ಕಪ್ಪು ಹೊದಿಕೆಯು ನೇಪಾಳದ್ದೆಂದು ಅಲ್ಲಿ ನಮೂದಾಗಿದೆ. ವಸ್ತುವಿನ ಜೊತೆಗೆ ಅದು ಬಂದ ನೆಲವನ್ನೂ ಹೇಳಬೇಕೆಂಬ ವಿವೇಕ ನಮಗೆ ಹೊಸದಲ್ಲ.

ಇಂದು ಪೇಟೆಯಲ್ಲಿ 'ಪರಂಪರೆಯ' ಶಾಲುಗಳಿಗೂ ಕಂಬಳಿಗಳಿಗೂ ಹೊಸ ಬೇಡಿಕೆ ಹುಟ್ಟಿದೆ. ಇದು ಸಂತೋಷದ ಸಂಗತಿಯೇ. ಆದರೆ ಪರಂಪರೆ ಎಂಬ ಮಾತು ಬಹುಮಟ್ಟಿಗೆ ಅಂಚು, ಪಟ್ಟೆ ಮತ್ತು ಚಿತ್ತಾರಗಳಿಗೆ ಸೀಮಿತವಾಗಿದೆ. ಚಿತ್ತಾರವನ್ನು ಯಂತ್ರವು ಒಂದೇ ದಿನದಲ್ಲಿ ಅನುಕರಿಸಬಲ್ಲದು; ಅಕ್ರಿಲಿಕ್ ನೂಲಿನಲ್ಲಿಯೂ ಅದನ್ನು ಮೂಡಿಸಬಹುದು. ಅನುಕರಿಸಲಾಗದಿರುವುದು ನಾರಿನ ಚರಿತ್ರೆ. ಯಾವ ತಳಿಯ ಕುರಿ, ಯಾವ ಸೀಮೆಯ ಮೇವು, ಯಾರು ನೂತರು, ಯಾರು ನೇಯ್ದರು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ವಸ್ತುವನ್ನು ಪರಂಪರೆಯದೆಂದು ಕರೆಯುವುದು ಅರ್ಧಸತ್ಯವಾಗುತ್ತದೆ.

ಮುದ್ರೆಗಳು ಈ ಪ್ರಶ್ನೆಗೆ ಪೂರ್ಣ ಉತ್ತರ ನೀಡುವುದಿಲ್ಲ. 1964ರಲ್ಲಿ ಬಳಕೆಗೆ ಬಂದ ವೂಲ್‌ಮಾರ್ಕ್ ಚಿಹ್ನೆಯು ಬಟ್ಟೆಯಲ್ಲಿರುವುದು ಉಣ್ಣೆ ಎಂಬುದಕ್ಕೆ ಭರವಸೆ. ಅದು ಯಾರ ಉಣ್ಣೆ ಎಂಬುದಕ್ಕಲ್ಲ. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಬಟ್ಟೆಗೆ 1993ರ ಬ್ರಿಟಿಷ್ ಕಾಯಿದೆಯ ರಕ್ಷಣೆಯಿದೆ. ಉಣ್ಣೆಗೆ ಬಣ್ಣ ಹಾಕಿ ನೂಲುವುದೂ ಬಟ್ಟೆಗೆ ಕೊನೆಯ ಸಂಸ್ಕಾರ ನೀಡುವುದೂ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಆಗಬೇಕು. ದ್ವೀಪವಾಸಿಗಳು ತಮ್ಮ ಮನೆಗಳಲ್ಲೇ ಕೈಯಿಂದ ನೇಯಬೇಕು. ನೇಕಾರರ ಬದುಕನ್ನು ಕಾಪಾಡುವ ಶ್ರೇಷ್ಠ ಕಾನೂನು ಇದು. ಆದರೂ ಕುರಿಯು ಆ ದ್ವೀಪದಲ್ಲೇ ಮೇಯ್ದಿರಬೇಕೆಂದು ಅದು ವಿಧಿಸುವುದಿಲ್ಲ. ನೇಯ್ಗೆಯ ಊರು ಬೇರೆ, ಉಣ್ಣೆಯ ಊರು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೂಲವನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶಾತೂಶ್ ಶಾಲಿನ ದಾರುಣ ಕಥೆ ಸಾಕ್ಷಿ. ಟಿಬೆಟಿನ ಪ್ರಸ್ಥಭೂಮಿಯ ಚಿರು ಎಂಬ ಪ್ರಾಣಿಯು ಪೊದೆಗಳಿಗೆ ಮೈಯುಜ್ಜಿದಾಗ ಉದುರಿದ ಕೂದಲನ್ನು ಆಯ್ದು ಈ ಶಾಲನ್ನು ನೇಯುತ್ತಾರೆಂದು ಬಹುಕಾಲ ನಂಬಿಸಲಾಗಿತ್ತು. ವನ್ಯಜೀವಿ ವಿಜ್ಞಾನಿ ಜಾರ್ಜ್ ಶಾಲರ್ ಮುಂತಾದವರ ಅಧ್ಯಯನಗಳು ಅದನ್ನು ಸುಳ್ಳೆಂದು ತೋರಿಸಿದವು. ಪ್ರಾಣಿಯನ್ನು ಕೊಲ್ಲದೆ ಆ ಕೂದಲು ದೊರೆಯುತ್ತಿರಲಿಲ್ಲ. ಒಂದು ಶಾಲಿಗೆ ಮೂರರಿಂದ ಐದು ಜೀವಗಳು ಬಲಿಯಾಗುತ್ತಿದ್ದವು. ಹೊದ್ದವರಲ್ಲಿ ಅನೇಕರು ಕ್ರೂರಿಗಳಾಗಿರಲಿಲ್ಲ. ಅವರು ಕೇಳಬೇಕಾದ ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೆ. ಸುಂದರವಾದ ಕಥೆಯು ಪರಿಶೀಲನೆಗೆ ಬದಲಿಯಾಗಲಾರದು.

ಈಗ ನಮ್ಮ ಅಂಗಳಕ್ಕೆ ಬರೋಣ. ದಖ್ಖನಿ ತಳಿಯ ಕುರಿಯ ಉಣ್ಣೆ ಒರಟು, ಹೆಚ್ಚಾಗಿ ಕಪ್ಪು. ಉತ್ತಮ ಮೆರಿನೊ ಉಣ್ಣೆಯ ಎಳೆ 25 ಮೈಕ್ರಾನ್‌ಗಿಂತ ಕಡಿಮೆ ದಪ್ಪವಿದ್ದರೆ ಇದು ಅದಕ್ಕಿಂತ ಬಹಳ ದಪ್ಪ. ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಮುಂತಾದೆಡೆ ಈ ಉಣ್ಣೆಯಿಂದಲೇ ಕಂಬಳಿ ಸಿದ್ಧವಾಗುತ್ತ ಬಂದಿದೆ. ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ಹಾಲುಮತದ ಆಚರಣೆಗಳಲ್ಲಿ ಗದ್ದುಗೆ, ಗೊರವರಿಗೆ ನಿಲುವಂಗಿ: ಕಂಬಳಿಯ ಅವತಾರಗಳು ಹಲವು.

ಈ ಕುರಿಯೇ ಈಗ ಹಿಂದೆ ಸರಿಯುತ್ತಿದೆ. ಮಾಂಸಕ್ಕೆ ಬೆಲೆಯಿದೆ, ಉಣ್ಣೆಗಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದಿದ್ದಾಗ ಕುರಿಗಾಹಿಯು ನೆಲ್ಲೂರು ಮೊದಲಾದ ಉಣ್ಣೆಯಿಲ್ಲದ ತಳಿಗಳ ಟಗರನ್ನು ಹಿಂಡಿಗೆ ಬಿಡುತ್ತಾನೆ. ಅವನನ್ನು ದೂರುವಂತಿಲ್ಲ. ಆದರೆ ಕೆಲವು ತಲೆಮಾರುಗಳ ಬಳಿಕ ಮಗ್ಗವಿದ್ದು, ನೇಯುವ ಕೈಯಿದ್ದು, ಉಣ್ಣೆಯೇ ಇಲ್ಲದ ಸ್ಥಿತಿ ಬರುತ್ತದೆ. ಆಗ ಹೊರಗಿನಿಂದ ತಂದ ನೂಲಿನಲ್ಲಿ ಕಪ್ಪು ಬಣ್ಣದ ಹೊದಿಕೆ ನೇಯ್ದು ಅದನ್ನೇ ಕಂಬಳಿಯೆಂದು ಮಾರಬೇಕಾದೀತು. ಹೆಸರು ಉಳಿದು ವಸ್ತು ಅಳಿಯುವುದು ಎಂದರೆ ಇದೇ.

ಒರಟು ಉಣ್ಣೆಯನ್ನು ಇಂದಿನವರು ಮೈಗೆ ಸೋಕಿಸಿಕೊಳ್ಳುವುದಿಲ್ಲ ಎಂಬ ಆಕ್ಷೇಪವಿದೆ. ಅದು ನಿಜ. ಎಲ್ಲ ಉಣ್ಣೆಯೂ ಕೊರಳ ಶಾಲಾಗಬೇಕಿಲ್ಲ. ಮರಿಯ ಮೊದಲ ಕತ್ತರಿಯ ಮೃದುವಾದ ಉಣ್ಣೆ ಶಾಲಿಗೆ ಸಲ್ಲಲಿ, ಉಳಿದದ್ದು ಕಂಬಳಿಗೂ ನೆಲಹಾಸಿಗೂ ಚೀಲಕ್ಕೂ ಸಲ್ಲಲಿ. ಜಾಡು ಹಿಡಿದು ದಾಖಲಿಸುವ ಕೆಲಸ ಬಡ ಕುರಿಗಾಹಿಗೆ ಹೊರೆಯಲ್ಲವೇ ಎಂಬ ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಆ ಹೊರೆಯನ್ನು ಹೊರಬೇಕಾದವನು ಪರಂಪರೆಯ ಹೆಸರಿನಲ್ಲಿ ಲಾಭ ಪಡೆಯುವ ಮಾರಾಟಗಾರನೇ ಹೊರತು ಅಲೆಮಾರಿ ಹಿಂಡಿನ ಒಡೆಯನಲ್ಲ. ತಳಿ, ಸೀಮೆ, ಕೈನೂಲೋ ಗಿರಣಿಯ ನೂಲೋ ಎಂಬ ವಿವರ, ಬೇರೆ ನಾರಿನ ಮಿಶ್ರಣವಿದ್ದರೆ ಅದರ ಪ್ರಮಾಣ: ಇಷ್ಟು ಒಂದು ಚೀಟಿಯಲ್ಲಿ ಅಡಗುತ್ತದೆ.

ಆದರೆ ಚೀಟಿಯೊಂದೇ ಸಾಲದು. ಕೊಳ್ಳುವವನ ಕುತೂಹಲ ತಣಿಸುವುದಷ್ಟೇ ಅದರ ಕೆಲಸವಾದರೆ ಅದು ಇನ್ನೊಂದು ಅಲಂಕಾರವಾಗುತ್ತದೆ. ಬೆಲೆಯಲ್ಲಿ ಉಣ್ಣೆಗೆ ಎಷ್ಟು, ನೂತವಳಿಗೆ ಎಷ್ಟು ಎಂಬುದೂ ಆ ಜಾಡಿನ ಭಾಗವಾಗಬೇಕು. ಉಣ್ಣೆಗೆ ತಕ್ಕ ಬೆಲೆ ಸಿಕ್ಕ ದಿನ ದಖ್ಖನಿ ಟಗರು ತಾನಾಗಿ ಹಿಂಡಿಗೆ ಮರಳುತ್ತದೆ. ಅಲ್ಲಿಯವರೆಗೆ ನಾವು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಸರಳವಾದುದು: ಇದು ಯಾವ ಊರಿನ ಉಣ್ಣೆ?