ಯಾವ ದಿನದ ಹಸಿರು ಸ್ವಾಮಿ?

ಮಂಡ್ಯ ಅಂದ್ರೆ ಹಸಿರು, ಒಪ್ಪಿದೆ. ಆದ್ರೆ ಉಪಗ್ರಹದ ಒಂದೇ ದಿನದ ಚಿತ್ರಕ್ಕೆ ಬಣ್ಣ ಹಚ್ಚಿ, "ಬೆಳೆ ಚೆನ್ನಾಗಿದೆ" ಎಂದು ಸಾರುವ ನಕ್ಷೆಗಳ ಬಗ್ಗೆ ನನಗೆ ತಕರಾರಿದೆ.

ಅಕ್ಟೋಬರಿನಲ್ಲಿ ಮೇಲಿಂದ ನೋಡಿದ್ರೆ ಭತ್ತವೂ ಹಸಿರು, ಕಬ್ಬೂ ಹಸಿರು, ಬದುವಿನ ಕಳೆಯೂ ಹಸಿರು. ಭತ್ತ ನಾಲ್ಕೈದು ತಿಂಗಳಿಗೆ ಕೊಯ್ಲಿಗೆ ಬರುತ್ತೆ. ಕಬ್ಬು ಹೆಚ್ಚುಕಡಿಮೆ ವರ್ಷವಿಡೀ ನಿಂತಿರುತ್ತೆ. ಈ ವ್ಯತ್ಯಾಸ ಕಾಣಬೇಕಾದ್ರೆ ತಿಂಗಳು ತಿಂಗಳ ಚಿತ್ರಗಳನ್ನು ಪದರ ಪದರವಾಗಿ ಪೇರಿಸಬೇಕು.

ದತ್ತಾಂಶ ಇಲ್ಲ ಅನ್ನೋ ನೆಪ ಬೇಡ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 13 ಬ್ಯಾಂಡುಗಳಲ್ಲಿ ತೆಗೆಯುವ ಚಿತ್ರ ಎಲ್ಲರಿಗೂ ಪುಕ್ಕಟೆ. ಹಸಿರನ್ನು ಅಳೆಯಲು ಬೇಕಾದ ಕೆಂಪು ಮತ್ತು ಅವಕೆಂಪು ಬ್ಯಾಂಡುಗಳಲ್ಲಿ ಒಂದು ಪಿಕ್ಸೆಲ್ ಅಂದ್ರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಗುಂಟೆ, ಎಕರೆಗೆ 40. ಆರ್ ಭಾಷೆಯ ಟೆರ್ರಾ ಪ್ಯಾಕೇಜಿನಲ್ಲಿ ಇಡೀ ಕಟ್ಟನ್ನು ಒಟ್ಟಿಗೇ ಓದಿ, ಒಂದೊಂದು ಗುಂಟೆಯ ವರ್ಷದ ಕಥೆ ಹೊರತೆಗೆಯಬಹುದು.

ಪೇರಿಸಿದ ಮೇಲೆ ಬರೀ ಸರಾಸರಿ ತೆಗೆದು ಕೈತೊಳೆದುಕೊಂಡರೆ ಮತ್ತೆ ಅದೇ ಹಾಡು. ಮುಂಗಾರಿನಲ್ಲಿ ಮೋಡ ಮುಚ್ಚಿದ ಪಿಕ್ಸೆಲ್ಲಿಗೆ ಎನ್‌ಎ, ಅಂದ್ರೆ "ಮಾಹಿತಿ ಇಲ್ಲ" ಎಂದೇ ಬರೆಯಬೇಕು. ಸೊನ್ನೆ ತುಂಬಿದ್ರೆ ಇದ್ದ ಬೆಳೆ ಲೆಕ್ಕದಲ್ಲಿ ಸತ್ತುಹೋಗುತ್ತೆ. ಊರೂರು ಕಲಸಿದ ಸರಾಸರಿ ಇನ್ನೂ ಮೋಸ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ಹಸಿರನ್ನು ಕೊನೆಭಾಗದ ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳ ಜೊತೆ ಬೆರೆಸಿದ್ರೆ, ನೀರಿಗೆ ಕಾದು ಕಾದು ತಡವಾಗಿ ನಾಟಿ ಮಾಡಿದವನು ನಕ್ಷೆಯಿಂದಲೇ ಮಾಯ.

ಇದೇನು ಬರೀ ಕಂಪ್ಯೂಟರಿನವರ ಜಗಳ ಅಂದ್ಕೋಬೇಡಿ. ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತದ ಇಳುವರಿ ಅಂದಾಜಿಗೆ ಉಪಗ್ರಹ ಆಧಾರಿತ ತಂತ್ರಜ್ಞಾನವನ್ನೂ ತಂದಿದ್ದಾರೆ. ಕೊಯ್ಲು ಪ್ರಯೋಗದ ಕುಡುಗೋಲು ರೈತನ ಕಣ್ಣೆದುರಿಗೇ ಆಡುತ್ತೆ, ತಪ್ಪಿದ್ರೆ ಅಲ್ಲೇ ಕೇಳಬಹುದು. ಕೋಡಿನೊಳಗಿನ ಸೊನ್ನೆಯನ್ನು ಅವನು ಯಾರ ಹತ್ರ ಕೇಳಬೇಕು?

ಯಂತ್ರ ಬೇಡ ಅಂತಿಲ್ಲ. ನಕ್ಷೆಯ ಜೊತೆ ಯಾವ ದಿನಾಂಕದ ಪದರಗಳು, ಎಷ್ಟು ಮೋಡ, ಯಾವ ಕೋಡು ಅನ್ನೋದನ್ನೂ ಬಹಿರಂಗ ಮಾಡಿ. ನಾಲೆಗೆ ನೀರು ಬಿಟ್ಟ ದಿನ ಊರಿಗೆಲ್ಲ ಗೊತ್ತಿರುತ್ತೆ. ಗದ್ದೆಯ ಚಿತ್ರ ತೆಗೆದ ದಿನ ಮಾತ್ರ ಯಾಕೆ ಗುಟ್ಟು?