ಬಿಕ್ಕಳಿಕೆಯ ಚೀಟಿ ಎಲ್ಲಿ ಹೋಯ್ತು?

ಮೊದಲು ಬಂದದ್ದು ಬಿಕ್ಕಳಿಕೆ. ನಾಲ್ಕು ದಿನ, ಹಗಲು ರಾತ್ರಿ. "ತೌರಿನೋರು ನೆನೆಸ್ಕೊಂತಾವ್ರೆ ಕಣಮ್ಮ, ನೀರ್ ಕುಡಿ" ಅಂದಳು ನಮ್ಮಮ್ಮ. ಅತ್ತಿಗೆ ನೀರು ಕುಡಿದರು, ಸಕ್ಕರೆ ಬಾಯಿಗೆ ಹಾಕಿಕೊಂಡರು, ಉಸಿರು ಬಿಗಿ ಹಿಡಿದರು. ಐದನೇ ದಿನ ವಾಂತಿಯೂ ಶುರುವಾದಾಗ ಅಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಗ್ಯಾಸ್ಟ್ರಿಕ್ ಅಂದರು, ಇಂಜೆಕ್ಷನ್ ಕೊಟ್ಟರು, ಚೀಟಿ ಬರೆದುಕೊಟ್ಟರು. ಇನ್ನೊಂದು ವಾರಕ್ಕೆ ತಾನಾಗೇ ನಿಂತಿತು. ನಾವು ಮರೆತೆವು.

ಮೂರು ತಿಂಗಳಾದ ಮೇಲೆ ಬಲಗಣ್ಣು ಮಂಜಾಯಿತು, ಗುಡ್ಡೆ ಹೊರಳಿಸಿದರೆ ನೋವು. ಕನ್ನಡಕದ ನಂಬರ್ ಬದಲಾಯಿಸಿದರು. ಆಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದರೆ ಸೊಂಟದಿಂದ ಕೆಳಗೆ ಸ್ವಾಧೀನವೇ ಇಲ್ಲ, ಮೂತ್ರವೂ ಕಟ್ಟಿದೆ. ಪುಟ್ಟೇನಹಳ್ಳಿಯಿಂದ ಆಟೋದಲ್ಲಿ ಒಂದು ಆಸ್ಪತ್ರೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಇನ್ನೊಂದು. ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ನರರೋಗದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಇದಕ್ಕೆ ಮುಂಚೆ ಯಾವಾಗಲಾದರೂ ನಿಲ್ಲದ ಬಿಕ್ಕಳಿಕೆ, ವಾಂತಿ ಬಂದಿತ್ತಾ?"

ಬಂದಿತ್ತು. ಯಾವ ತಿಂಗಳು? ಎಷ್ಟು ದಿನ? ಏನು ಔಷಧಿ ಕೊಟ್ಟಿದ್ದರು? ಚೀಟಿ ಎಲ್ಲಿ?

ಯುಗಾದಿಗೆ ಮನೆಗೆ ಸುಣ್ಣ ಹೊಡೆಯುವಾಗ ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿದ್ದೆ. ನಾನೇ. ದಾಖಲೆ ಕೈಯಲ್ಲಿಲ್ಲದೆ ಸುದ್ದಿ ಕಳಿಸಬಾರದು ಅಂತ ಡಿಪ್ಲೊಮಾದಲ್ಲಿ ಪಾಠ ಕಲಿತು, ಹತ್ತು ವರ್ಷದಿಂದ ತಾಲೂಕು ಕಚೇರಿಗಳಲ್ಲಿ ಕಾಗದ ಕೇಳಿಕೊಂಡು ಓಡಾಡುವ ನಾನು.

ಕಾಯಿಲೆಯ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಡಾಕ್ಟರುಗಳು ಎನ್‌ಎಂಒ ಅನ್ನುತ್ತಾರೆ. ಹೊರಗಿನ ಕ್ರಿಮಿಯ ಮೇಲೆ ಯುದ್ಧ ಮಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ತಿರುಗಿಬಿದ್ದು ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಉರಿಯೂತದಿಂದ ಸುಡುತ್ತದೆ. ಮಿದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಒಂದು ಪುಟ್ಟ ಜಾಗವಿದೆ, ಅಲ್ಲಿಗೆ ತಗುಲಿದರೆ ಬಿಕ್ಕಳಿಕೆ. ಹೆಚ್ಚಾಗಿ ಹೆಂಗಸರಿಗೆ ಬರುತ್ತದೆ. ಗಾಬರಿಯಾಗಬೇಡಿ, ಬಿಕ್ಕಳಿಸಿದವರಿಗೆಲ್ಲ ಇದು ಅಂತಲ್ಲ, ನೂರಕ್ಕೆ ತೊಂಬತ್ತೊಂಬತ್ತು ಸಲ ಬಿಕ್ಕಳಿಕೆ ಬರೀ ಬಿಕ್ಕಳಿಕೆಯೇ. ಎರಡು ದಿನ ದಾಟಿಯೂ ನಿಲ್ಲದೆ ಜೊತೆಗೆ ವಾಂತಿಯಿದ್ದರೆ, ಆಮೇಲೆ ಕಣ್ಣೋ ಕಾಲೋ ಕೈಕೊಟ್ಟರೆ, ಆ ಹಳೇ ಬಿಕ್ಕಳಿಕೆಯ ವಿಷಯವನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಎಷ್ಟು ಜನರಿಗೆ ಬರುತ್ತದೆ? ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರಿನ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ತಂಡ ಇಂಥ ರೋಗಿಗಳ ಒಂದು ರಿಜಿಸ್ಟರ್ ಕಟ್ಟಿದ್ದಾರೆ. ಯಾರಿಗೆ ಯಾವಾಗ ಕಾಯಿಲೆ ಬಂತು, ಏನು ಔಷಧಿ ಕೊಟ್ಟರು, ಮತ್ತೆ ಮರುಕಳಿಸಿತಾ, ಕಣ್ಣು ಉಳಿಯಿತಾ ಅಂತ ವರ್ಷಗಟ್ಟಲೆ ಬರೆದಿಡುವ ಪುಸ್ತಕ. 2014ರಲ್ಲಿ ಅವರು ಪ್ರಕಟಿಸಿದ ಮಂಗಳೂರು ನಗರದ ಲೆಕ್ಕದ ಪ್ರಕಾರ ಲಕ್ಷ ಜನರಿಗೆ ಸುಮಾರು ಎರಡೂವರೆ ಮಂದಿ. ಕಾಯಿಲೆ ಪತ್ತೆ ಮಾಡುವ ರಕ್ತದ ಆಂಟಿಬಾಡಿ ಗೊತ್ತಾದದ್ದೇ 2004ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ. ಮಂಗಳೂರಿನ ತಂಡ ಜಪಾನಿನ ಸಂಶೋಧಕರ ಜೊತೆ ಸೇರಿ ಆ ಪರೀಕ್ಷೆಯನ್ನು ತಮ್ಮ ಲ್ಯಾಬಿಗೇ ತಂದುಕೊಂಡಿತು.

ನಮ್ಮ ಪುಟ್ಟೇನಹಳ್ಳಿ ಕೆರೆ ಈಗ ಪಕ್ಷಿಗಳಿಗೆ ಮೀಸಲು. ಬೆಳಿಗ್ಗೆ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಬರುವವರು ಹಕ್ಕಿಗೆ ಕೈ ಹಚ್ಚುವುದಿಲ್ಲ. ನೋಡುತ್ತಾರೆ, ಎಣಿಸುತ್ತಾರೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ರಿಜಿಸ್ಟರ್ ಮಾಡುವುದೂ ಅದೇ. ಇದಕ್ಕೆ ವೀಕ್ಷಣಾ ಅಧ್ಯಯನ ಅನ್ನುತ್ತಾರೆ. ಯಾರಿಗೆ ಯಾವ ಮಾತ್ರೆ ಅಂತ ಚೀಟಿ ಎತ್ತಿ ಹಂಚುವುದಿಲ್ಲ, ಡಾಕ್ಟರು ಹೇಗೂ ಕೊಡುತ್ತಿದ್ದ ಚಿಕಿತ್ಸೆ ಏನಾಯಿತು ಅಂತ ನೋಡಿ ಬರೆಯುತ್ತಾರೆ.

ಇದರಲ್ಲೊಂದು ಮೋಸ ಹೋಗುವ ದಾರಿಯೂ ಇದೆ, ರೈತರಿಗೆ ಅದನ್ನು ನಾನು ಹೇಳಬೇಕಿಲ್ಲ. ಊರಲ್ಲಿ ಹೊಸ ರಾಗಿ ತಳಿ ಹಾಕಿದವನಿಗೆ ಎಕರೆಗೆ ಎರಡು ಮೂಟೆ ಜಾಸ್ತಿ ಬಂತು ಅನ್ನಿ. ತಳಿ ಒಳ್ಳೆಯದಾ? ಇರಬಹುದು. ಆದರೆ ಹೊಸದನ್ನು ಮೊದಲು ಹಾಕುವವನಿಗೇ ಬೋರ್‌ವೆಲ್ ಇರುತ್ತದೆ, ಗೊಬ್ಬರಕ್ಕೆ ದುಡ್ಡಿರುತ್ತದೆ. ಹೆಚ್ಚಿದ್ದು ತಳಿಯಿಂದಲೋ ನೀರಿನಿಂದಲೋ? ಅದಕ್ಕೇ ಹೆಬ್ಬಾಳದಾಚೆ ಜಿಕೆವಿಕೆಯಲ್ಲಿ ಒಂದೇ ಹೊಲವನ್ನು ತುಂಡು ಮಾಡಿ, ಯಾವ ತುಂಡಿಗೆ ಯಾವ ತಳಿ ಅಂತ ಚೀಟಿ ಹಾಕಿ ಬಿತ್ತುತ್ತಾರೆ. ಔಷಧಿಯಲ್ಲೂ ಅದೇ ಗಟ್ಟಿ ಪರೀಕ್ಷೆ. ಸರಿ, ಆದರೆ ಲಕ್ಷಕ್ಕೆ ಎರಡೂವರೆ ಜನರಿರುವ ಕಾಯಿಲೆಗೆ ಅಷ್ಟು ದೊಡ್ಡ ಹೊಲ ಎಲ್ಲಿಂದ ತರುವುದು? ಮತ್ತೆ, ಒಂದೇ ಸಲದ ಹೊಡೆತಕ್ಕೆ ಕಣ್ಣು ಹೋಗಬಹುದಾದವರಿಗೆ ಖಾಲಿ ಮಾತ್ರೆ ಕೊಟ್ಟು ಕಾಯುವುದು ಹೇಗೆ?

ಹಾಗಾಗಿ ಈ ಕಾಯಿಲೆಯ ಚಿಕಿತ್ಸೆ ಬೆಳೆದದ್ದೇ ಬೆರಳೆಣಿಕೆ ರೋಗಿಗಳ ಫೈಲುಗಳಿಂದ. ಅಜಾಥಯೋಪ್ರಿನ್ ಎಂಬ ಹಳೇ ಮಾತ್ರೆಯನ್ನು ಸ್ಟೀರಾಯ್ಡ್ ಜೊತೆ ಕೊಟ್ಟು ನೋಡಿದ 1998ರ ವರದಿಯಲ್ಲಿ ಇದ್ದವರು 7 ಜನ. ರಿಟುಕ್ಸಿಮ್ಯಾಬ್ ರಕ್ತದ ಕ್ಯಾನ್ಸರಿಗೆ ಬಂದ ಇಂಜೆಕ್ಷನ್. 2005ರಲ್ಲಿ ಅಮೆರಿಕದ ವೈದ್ಯರು ಎನ್‌ಎಂಒ ಇದ್ದ 8 ಜನರಿಗೆ ಅದನ್ನು ಕೊಟ್ಟು ಬರೆದಿಟ್ಟರು. ಆರು ಜನರಿಗೆ ಮತ್ತೆ ಹೊಡೆತ ಬೀಳಲಿಲ್ಲ. 2008ರಲ್ಲಿ ಏಳು ಆಸ್ಪತ್ರೆಗಳ 25 ಜನರ ಲೆಕ್ಕ ಬಂತು. ಚೀಟಿ ಎತ್ತಿ ಮಾಡಿದ ಗಟ್ಟಿ ಪರೀಕ್ಷೆಯ ಫಲಿತಾಂಶ ಜಪಾನಿನಿಂದ ಬಂದದ್ದು 2020ರಲ್ಲಿ. ಅದರಲ್ಲೂ ಇದ್ದದ್ದು 38 ಜನ. ಖಾಲಿ ಔಷಧಿ ಸಿಕ್ಕ 19 ಜನರಲ್ಲಿ 7 ಮಂದಿಗೆ ಕಾಯಿಲೆ ಮರುಕಳಿಸಿತು, ರಿಟುಕ್ಸಿಮ್ಯಾಬ್ ಸಿಕ್ಕ 19 ಜನರಲ್ಲಿ ಒಬ್ಬರಿಗೂ ಇಲ್ಲ.

ಎಂಟು ಜನರ ನೋಟ್‌ಬುಕ್ಕಿನಿಂದ ಗಟ್ಟಿ ಸಾಕ್ಷಿಗೆ ಹದಿನೈದು ವರ್ಷ. ಆ ಹದಿನೈದು ವರ್ಷವೂ ನಡೆಯುತ್ತಿದ್ದವರ ಕಾಲು ಉಳಿಸಿದ್ದು ನೋಟ್‌ಬುಕ್ಕೇ. ಇನ್ನೊಂದು ಕಡೆಯಿಂದಲೂ ಅದು ಕಾಪಾಡಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ತಪ್ಪು ತಿಳಿದು ಇಂಟರ್ಫೆರಾನ್ ಕೊಟ್ಟರೆ ಎನ್‌ಎಂಒ ಕೆರಳುತ್ತದೆ ಎಂಬುದು ಗೊತ್ತಾದದ್ದೂ ಕೆಟ್ಟುಹೋದವರ ಫೈಲನ್ನು ಯಾರೋ ತಿರುವಿ ನೋಡಿದ್ದರಿಂದ.

ಈಗ ದುಡ್ಡಿನ ಮಾತು. 2019ರಿಂದೀಚೆಗೆ ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಔಷಧಿಗಳಿವೆ. ಮೊದಲನೆಯದು ಎಕುಲಿಜುಮ್ಯಾಬ್. ಅಲ್ಲಿನ ಬೆಲೆಯಲ್ಲಿ ಒಬ್ಬರಿಗೆ ಒಂದು ವರ್ಷಕ್ಕೆ ಕೋಟಿಗಳ ಲೆಕ್ಕ. (ಯಲಹಂಕದ ಸುತ್ತ ಸೈಟಿನ ರೇಟು ಕೇಳಿ ಅಭ್ಯಾಸವಿರುವ ನನಗೂ ತಲೆ ತಿರುಗಿತು.) ಅಂಥ ಔಷಧಿಗೆ ಕಂಪನಿಗಳೇ ದುಡ್ಡು ಸುರಿದು ದೊಡ್ಡ ಪರೀಕ್ಷೆ ಮಾಡಿಸುತ್ತವೆ. ನಮ್ಮ ಅತ್ತಿಗೆ ನುಂಗುವುದು ಅಜಾಥಯೋಪ್ರಿನ್. ಪಕ್ಕದ ಬೆಡ್ಡಿನ ಹೆಂಗಸಿಗೆ ಹಾಕಿದ್ದು ಇಲ್ಲಿ ತಯಾರಾದ ರಿಟುಕ್ಸಿಮ್ಯಾಬ್. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಅದರ ದೇಶಿ ರೂಪ ತಂದ ಮೇಲೆ ನಮ್ಮಂಥವರಿಗೂ ಸ್ವಲ್ಪ ಎಟುಕಿತು. ಈ ಹಳೇ, ಅಗ್ಗದ ಔಷಧಿಗಳಿಗೆ ಪರೀಕ್ಷೆ ಮಾಡಿಸಲು ಯಾವ ಕಂಪನಿಗೆ ಏನು ಲಾಭ? ನಮ್ಮ ಹೆಂಗಸರ ತೂಕಕ್ಕೆ ಎಷ್ಟು ಡೋಸು ಸಾಕು, ಎಷ್ಟು ವರ್ಷಕ್ಕೆ ನಿಲ್ಲಿಸಬಹುದು, ಬಸುರಿಯಾದರೆ ಏನು ಮಾಡಬೇಕು ಎಂಬುದಕ್ಕೆಲ್ಲ ಉತ್ತರ ಸಿಗಬೇಕಾದರೆ ಅದನ್ನು ನುಂಗುತ್ತಿರುವವರ ಫೈಲಿನಿಂದಲೇ ಸಿಗಬೇಕು. ಬಡವರ ಔಷಧಿಯ ಸಾಕ್ಷಿ ಬಡವರ ಮನೆಯ ಪ್ಲಾಸ್ಟಿಕ್ ಕವರಿನಲ್ಲಿದೆ. ಅದನ್ನೇ ನಾನು ಗುಜರಿಗೆ ಹಾಕಿದ್ದು.

ಲೆಕ್ಕ ದೊಡ್ಡದಿದ್ದರೆ ಸಾಕು ಅಂದುಕೊಳ್ಳಬೇಡಿ. ಕೊರೊನಾ ಕಾಲ ನೆನಪಿಸಿಕೊಳ್ಳಿ. 2020ರ ಮಾರ್ಚಿನಲ್ಲಿ ಫ್ರಾನ್ಸಿನ ಒಂದು ಸಣ್ಣ, ದುರ್ಬಲ ವರದಿಯ ಗದ್ದಲಕ್ಕೆ ಜಗತ್ತೆಲ್ಲ ಹೈಡ್ರಾಕ್ಸಿಕ್ಲೋರೋಕ್ವಿನ್ ಹಿಂದೆ ಬಿತ್ತು. ಅದು ಲೂಪಸ್ ಎಂಬ ಇನ್ನೊಂದು ತಿರುಗುಬಾಣದ ಕಾಯಿಲೆಯವರು ದಿನಾ ನುಂಗುವ ಮಾತ್ರೆ. ಅವರಿಗೇ ಅಂಗಡಿಯಲ್ಲಿ ಸಿಗದಂತಾಯಿತು. ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತದ್ವಿರುದ್ಧದ ವರದಿ: 96 ಸಾವಿರ ರೋಗಿಗಳು, 671 ಆಸ್ಪತ್ರೆಗಳು, ಈ ಮಾತ್ರೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪರೀಕ್ಷೆಯನ್ನೇ ತಡೆಹಿಡಿಯಿತು. ಮೂಲ ದಾಖಲೆ ತೋರಿಸಿ ಅಂದಾಗ ಅದನ್ನು ಕೊಟ್ಟ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ವರದಿ ವಾಪಸ್. ಯಾರೂ ಕಣ್ಣಾರೆ ನೋಡಿ ಪರಿಶೀಲಿಸಲಾಗದ ಆ ಲಕ್ಷ ಜನರಿಗಿಂತ, ಹೆಸರು, ಊರು, ಕಾಲಿನ ಬಲ ಎಲ್ಲ ಗೊತ್ತಿರುವ ಮೂವತ್ತು ಜನರ ಪುಸ್ತಕವನ್ನು ನಾನು ನಂಬುತ್ತೇನೆ.

ಆ ಪುಸ್ತಕಕ್ಕೂ ಒಂದು ತೂತಿದೆ, ಮತ್ತು ಅದು ನಮ್ಮ ಕಡೆಯೇ ಇದೆ. ಹುಷಾರಾದವರು ಆಸ್ಪತ್ರೆಗೆ ಮತ್ತೆ ಹೋಗುವುದಿಲ್ಲ. ತೀರಿಕೊಂಡವರು ಹೋಗಲಾರರು. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ ಇಲ್ಲದವರೂ ನಿಲ್ಲಿಸುತ್ತಾರೆ. ಮೂವರಿಗೂ ಫೈಲಿನಲ್ಲಿ ಒಂದೇ ಮಾತು: "ಸಂಪರ್ಕಕ್ಕೆ ಸಿಗಲಿಲ್ಲ". ಹಾಗಾದರೆ ಔಷಧಿ ಕೆಲಸ ಮಾಡಿತಾ ಇಲ್ಲವಾ? ಅತ್ತಿಗೆಯೂ ಒಂದು ವರ್ಷ ಹೀಗೆ ಸಿಗದೇ ಹೋದವರೇ. ಮನೆಯಲ್ಲಿ ಮದುವೆ, ಆಮೇಲೆ ಕಳೆ ಕೀಳುವುದು, ಆಮೇಲೆ "ಚೆನ್ನಾಗೇ ಇದೀನಲ್ಲ ಬಿಡಿ". ಆಸ್ಪತ್ರೆಯಿಂದ ಒಂದು ಫೋನೂ ಬರಲಿಲ್ಲ.

ಕ್ಷಯದ ರೋಗಿ ಮಾತ್ರೆ ಬಿಟ್ಟರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ. ಈ ಅಪರೂಪದ ಕಾಯಿಲೆಗಳವರನ್ನು ಕೇಳುವವರು ಯಾರು? ಮಂಗಳೂರಿನ ಲೆಕ್ಕ ಹಿಡಿದರೆ ಮೂರು ಲಕ್ಷ ಜನರ ತಾಲೂಕಿನಲ್ಲಿ ಎನ್‌ಎಂಒದವರು ಏಳೆಂಟು ಜನ. ಆರು ತಿಂಗಳಿಗೊಮ್ಮೆ ಏಳೆಂಟು ಫೋನ್. ಇದನ್ನೂ ಆಶಾಗಳ ತಲೆಗೇ ಕಟ್ಟಿ ಅನ್ನುತ್ತಿಲ್ಲ, ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಅವರು ಕೂತಿದ್ದು ಗೊತ್ತಿರುವವನು ನಾನು. ತಾಲೂಕು ಆಸ್ಪತ್ರೆಯಲ್ಲಿ ಒಂದು ಫೋನು, ಒಂದು ರಿಜಿಸ್ಟರು, ಅದಕ್ಕೆ ಸಂಬಳ ಕೊಟ್ಟು ಇಟ್ಟ ಒಬ್ಬರು ಸಾಕು. ಹದಿನಾಲ್ಕು ಅಂಕಿಯ ಆಭಾ ನಂಬರ್ ಮಾಡಿಸಿಕೊಟ್ಟಿದ್ದಾರೆ, ಸಂತೋಷ. ನಿಮ್ಮ ಹಳೇ ಚೀಟಿಗಳು ತಾವಾಗೇ ಎದ್ದು ಅದರೊಳಗೆ ಹೋಗಿ ಕೂರುವುದಿಲ್ಲ.

ಸಂಶೋಧನೆ ಮಾಡುವವರಿಗೂ ಒಂದು ಮಾತು. ನಮ್ಮ ಫೈಲು ಬಳಸುವ ಮುಂಚೆ ಕೇಳಬೇಕು, ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಐಸಿಎಂಆರ್ 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಕೊನೆಗೆ ಏನು ಗೊತ್ತಾಯಿತು ಅಂತ ಒಂದು ಪುಟ ಕನ್ನಡದಲ್ಲಿ ಬರೆದು ಒಪಿಡಿಯಲ್ಲಿ ಅಂಟಿಸಿದರೆ ಮುಂದಿನ ಸಲ ನಾವು ಕರೆಯದೇ ಬರುತ್ತೇವೆ. ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದದ್ದು ಅತ್ತಿಗೆಗೆ ಯಾವತ್ತೂ ತಲುಪುವುದಿಲ್ಲ.

ಈಗ ಮನೆಯಲ್ಲಿ ಒಂದು ಹಳೇ ಬಿಸ್ಕತ್ ಡಬ್ಬ ಇದೆ. ಚೀಟಿ, ರಕ್ತದ ರಿಪೋರ್ಟು, ಮಾತ್ರೆ ಬಿಲ್ಲು ಎಲ್ಲ ತಾರೀಖಿನ ಪ್ರಕಾರ. ಬಿಲ್ಲಿನ ಅಕ್ಷರ ಆರು ತಿಂಗಳಿಗೆ ಮಾಸಿಹೋಗುತ್ತದೆ, ಅದಕ್ಕೆ ಫೋಟೋ ತೆಗೆದು ಅಣ್ಣನ ಮೊಬೈಲಿಗೂ ನನ್ನ ಮೊಬೈಲಿಗೂ ಕಳಿಸಿರುತ್ತಾರೆ. ಕ್ಯಾಲೆಂಡರಿನಲ್ಲಿ ಕಾಲು ಜೋಮು ಹಿಡಿದ ದಿನಕ್ಕೆ ಒಂದು ಗೆರೆ, ಕಣ್ಣು ಮಂಜಾದ ದಿನಕ್ಕೆ ಒಂದು ಸುತ್ತು. ಮೊದಲ ಹಾಳೆಯಲ್ಲಿ ಅತ್ತಿಗೆ ತಮ್ಮ ಕೈಯಲ್ಲೇ ಬರೆದಿದ್ದಾರೆ: "ಬಿಕ್ಕಳಿಕೆ, ಹನ್ನೊಂದು ದಿನ. ಚೀಟಿ ಇಲ್ಲ."

ಮುಂದಿನ ತಾರೀಖು ಬರುವ ಮಂಗಳವಾರ. ಐದೂವರೆ ಬಸ್ಸಿಗೆ ಹೊರಡಬೇಕು. ಈ ಸಲ ಜೊತೆಗೆ ಹೋಗುವವನು ನಾನು.